ಗುಜರಿಯ ಡಿಫರೆನ್ಶಿಯಲ್: ಕೂರಿಸುವ ಮೊದಲು ಬಿಚ್ಚಿ, ತೊಳೆದು ನೋಡಿ

ಗುಡ್ಡದ ಬುಡದಲ್ಲಿ ತೋಟ, ಗುಡ್ಡದ ತಲೆಯಲ್ಲಿ ಡಾಮರು ರಸ್ತೆ. ಮಲೆನಾಡು, ಕರಾವಳಿಯ ಎಷ್ಟೋ ಕೃಷಿಕರ ಮನೆಯ ಸ್ಥಿತಿ ಇದೇ. ಗೊಬ್ಬರ ಇಳಿಯಬೇಕು, ಅಡಿಕೆ ಹತ್ತಬೇಕು. ಈ ದಾರಿಗೆ ಒಗ್ಗಿದ್ದು ಹಳೆಯ ಜೀಪು. 1940ರ ದಶಕದ ಕೊನೆಗೆ ವಿಲ್ಲೀಸ್ ಜೀಪುಗಳನ್ನು ಮಹೀಂದ್ರದವರು ನಮ್ಮ ದೇಶದಲ್ಲಿ ಜೋಡಿಸತೊಡಗಿದರು. ಆ ಮಾದರಿಯಿಂದ ಬೆಳೆದು ಬಂದ ಗಾಡಿಗಳು ನಮ್ಮ ಕಡೆ ಇವತ್ತಿಗೂ ಓಡುತ್ತಿವೆ. ಗಟ್ಟಿ ಗಾಡಿ, ರಿಪೇರಿ ಸುಲಭ. ಆದರೆ ಹೊಸ ಬಿಡಿಭಾಗ ಈಗ ಎಲ್ಲವೂ ಸಿಗುವುದಿಲ್ಲ. ಸಿಕ್ಕಿದರೂ ಬೆಲೆ ಕೇಳಿದರೆ ತಲೆ ಬಿಸಿಯಾಗುತ್ತದೆ. ಹಾಗಾಗಿ ದೊಡ್ಡ ಭಾಗ ಏನು ಹೋದರೂ ನಾವು ಓಡುವುದು ಗುಜರಿ ಅಂಗಡಿಗೆ.

ಹೀಗೆ ತರುವ ಭಾಗಗಳಲ್ಲಿ ಡಿಫರೆನ್ಶಿಯಲ್ ಒಂದು. ಹಿಂದಿನ ಎರಡು ಚಕ್ರಗಳ ನಡುವೆ ಕುಂಬಳಕಾಯಿಯ ಹಾಗೆ ಉಬ್ಬಿಕೊಂಡಿರುವ ಕಬ್ಬಿಣದ ಗುಂಡು ಉಂಟಲ್ಲ, ಅದರ ಒಳಗಿನ ಸರಂಜಾಮು. ನನ್ನ ಜೀಪಿನದ್ದು ಇಪ್ಪತ್ತು ವರ್ಷಕ್ಕೂ ಹೆಚ್ಚು ದುಡಿದು ಕಳೆದ ಬೇಸಗೆಯಲ್ಲಿ ಹಲ್ಲು ಉದುರಿಸಿಕೊಂಡಿತು. ಗುಜರಿಯಿಂದ ಇನ್ನೊಂದು ತಂದು, ಅಂಗಳದಲ್ಲಿ ಪೂರ್ತಿ ಬಿಚ್ಚಿ, ತೊಳೆದು, ಪರೀಕ್ಷೆ ಮಾಡಿ ಕೂರಿಸಿದೆವು. ನಾನೂ ನಮ್ಮೂರಿನ ಮೆಕ್ಯಾನಿಕ್ಕೂ ಸೇರಿ ಎರಡೂವರೆ ದಿನದ ಕೆಲಸ. ಅದರ ಕ್ರಮ ಬೇರೆಯವರಿಗೂ ಪ್ರಯೋಜನವಾದೀತು ಎಂದು ಬರೆಯುತ್ತಿದ್ದೇನೆ.

ಯಾಕೆ ಇಷ್ಟು ಜಾಗ್ರತೆ?

"ತಂದು ಕೂರಿಸಿ, ಎಣ್ಣೆ ಹಾಕಿ ಓಡಿಸಿ, ಸದ್ದು ಬಂದರೆ ಆಮೇಲೆ ನೋಡುವಾ" ಎನ್ನುವವರು ಬಹಳ. ಬಯಲುಸೀಮೆಯ ಸಪಾಟು ರಸ್ತೆಯಲ್ಲಾದರೆ ಗಾಡಿ ದಾರಿಯಲ್ಲಿ ನಿಂತೀತು, ಅಷ್ಟೆ. ನಮ್ಮ ಗುಡ್ಡದ ದಾರಿಯ ಕಥೆ ಬೇರೆ.

ಹಳೆಯ ಮಾದರಿಯ ಅನೇಕ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಇರುವುದು ಚಕ್ರದಲ್ಲಿ ಅಲ್ಲ. ಹಿಂದಿನ ಪ್ರೊಪೆಲ್ಲರ್ ಶಾಫ್ಟಿನ ಬುಡದಲ್ಲಿ, ಟ್ರಾನ್ಸ್‌ಫರ್ ಕೇಸಿನ ಹಿಂಬದಿಗೆ. ಅದು ಹಿಡಿಯುವುದು ಶಾಫ್ಟನ್ನು. ಶಾಫ್ಟು ಚಕ್ರವನ್ನು ಹಿಡಿಯುವುದು ಡಿಫರೆನ್ಶಿಯಲ್ ಮೂಲಕ. ಏರಿನ ಮಧ್ಯೆ ಕ್ರೌನಿನ ಹಲ್ಲು ಮುರಿಯಿತು ಅಂತ ಇಟ್ಟುಕೊಳ್ಳಿ. ಮುಂದಕ್ಕೆ ಎಳೆತ ಇಲ್ಲ, ಎಂಜಿನ್ನಿನ ಹಿಡಿತ ಇಲ್ಲ, ಹ್ಯಾಂಡ್ ಬ್ರೇಕೂ ಇಲ್ಲ. ಉಳಿಯುವುದು ಕಾಲಿನ ಬ್ರೇಕ್ ಒಂದೇ. ಹಿಂದೆ ಮೂಟೆಗಳ ಮೇಲೆ ಜನ ಕುಳಿತಿದ್ದರೆ ಏನಾದೀತು, ಯೋಚಿಸಿ. ಇನ್ನೊಂದು ಅಪಾಯ ಪಿನಿಯನ್ನಿನ ಬೇರಿಂಗು ಬಿಗಿಯುವುದು. ಇಳಿಜಾರಿನಲ್ಲಿ ಹಿಂದಿನ ಚಕ್ರ ಎರಡೂ ಒಮ್ಮೆಲೇ ಹಿಡಿದುಕೊಂಡು ಗಾಡಿ ಅಡ್ಡ ತಿರುಗುತ್ತದೆ.

ನಮ್ಮ ನೆರೆಯ ಒಬ್ಬರು ಗುಜರಿಯ ಡಿಫರೆನ್ಶಿಯಲ್ಲನ್ನು ಮುಚ್ಚಳ ತೆಗೆಯದೆ ಹಾಗೇ ಕೂರಿಸಿದ್ದರು. ಮಾರಿದವ "ಒಳಗೆಲ್ಲ ಹೊಸದರ ಹಾಗೆ ಉಂಟು" ಎಂದಿದ್ದನಂತೆ. ಮೂರು ವಾರದಲ್ಲಿ ಪಿನಿಯನ್ ಬೇರಿಂಗು ಪುಡಿಯಾಯಿತು, ಆ ಪುಡಿ ಕ್ರೌನನ್ನೂ ತಿಂದಿತು. ಅವರ ಅದೃಷ್ಟಕ್ಕೆ ಮನೆಯ ಗೇಟಿನ ಹತ್ತಿರವೇ ಆಯಿತು. ಬಿಚ್ಚಿ ನೋಡಿದರೆ ಒಳಗೆ ಇದ್ದದ್ದು ಎಣ್ಣೆಯಲ್ಲ, ಸದ್ದು ಅಡಗಿಸಲು ತುಂಬಿದ ದಪ್ಪ ಗ್ರೀಸ್.

ಒಳಗೆ ಏನೇನು ಉಂಟು?

ಎಂಜಿನ್ನಿನಿಂದ ಬರುವ ಉದ್ದದ ಶಾಫ್ಟು ತಿರುಗಿಸುವ ಸಣ್ಣ ಹಲ್ಲಿನ ಗಾಲಿ ಪಿನಿಯನ್. ಅದು ತಿರುಗಿಸುವ ದೊಡ್ಡ ಬಳೆ ಕ್ರೌನ್. ಕ್ರೌನನ್ನು ಬೋಲ್ಟು ಹಾಕಿ ಬಿಗಿದ ಗೂಡು ಕೇಜ್. ಕೇಜಿನೊಳಗೆ ಒಂದು ಅಡ್ಡ ಪಿನ್ನು, ಅದರ ಮೇಲೆ ಸಣ್ಣ ಸ್ಟಾರ್ ಪಿನಿಯನ್‌ಗಳು, ಅವುಗಳಿಗೆ ತಾಗಿ ಎಡಬಲಕ್ಕೆ ಎರಡು ಸನ್ ಗೇರ್. ಸನ್ ಗೇರಿಗೆ ಆಕ್ಸಲ್ ಸಿಕ್ಕಿಕೊಂಡಿರುತ್ತದೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಆ ವ್ಯತ್ಯಾಸವನ್ನು ಹೊಂದಿಸುವುದು ಸ್ಟಾರ್ ಮತ್ತು ಸನ್. ಪಿನಿಯನ್ನಿಗೆ ಎರಡು, ಕೇಜಿಗೆ ಎರಡು, ಹೀಗೆ ನಾಲ್ಕು ಟೇಪರ್ ಬೇರಿಂಗು. ಇಷ್ಟು ತಲೆಯಲ್ಲಿದ್ದರೆ ಸಾಕು.

ಅಂಗಡಿಯಲ್ಲೇ ನೋಡಬೇಕಾದ್ದು

ಲಾರಿಗಳಲ್ಲಿ ಮತ್ತು ಕೆಲವು ಕಾರುಗಳಲ್ಲಿ ಕ್ರೌನ್, ಪಿನಿಯನ್ ಎಲ್ಲ ಸೇರಿದ ಗುಂಡಿಯೊಂದೇ ಮುಂದಿನಿಂದ ಬಿಚ್ಚಿ ಬರುತ್ತದೆ. ಹಳೆಯ ಜೀಪಿನಲ್ಲಿ ಹಾಗಲ್ಲ. ಪಿನಿಯನ್ ಕೂರುವುದು ಹೌಸಿಂಗಿನಲ್ಲೇ. ಕ್ರೌನ್, ಪಿನಿಯನ್ ಮಾತ್ರ ಬಿಡಿಯಾಗಿ ತಂದರೆ ನಿಮ್ಮ ಹೌಸಿಂಗಿಗೆ ಅದನ್ನು ಮೊದಲಿನಿಂದ ಹೊಂದಿಸಬೇಕಾಗುತ್ತದೆ. ಆದ್ದರಿಂದ ಕೊಳವೆ ಸಮೇತ ಇಡೀ ಹೌಸಿಂಗು ತರುವುದೇ ಒಳ್ಳೆಯದು. ಇಬ್ಬರು ಹೊರುವಷ್ಟು ಭಾರ ಇರುತ್ತದೆ, ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ.

ಮೊದಲ ಪರೀಕ್ಷೆ ಹಲ್ಲಿನ ಲೆಕ್ಕ. ಜೀಪುಗಳಲ್ಲಿ ಸಾಮಾನ್ಯವಾಗಿ ಕಾಣುವ ಜೋಡಿ ಎರಡು: ಕ್ರೌನಿಗೆ 43, ಪಿನಿಯನ್ನಿಗೆ 8 ಹಲ್ಲು; ಅಂದರೆ ಪಿನಿಯನ್ 5.38 ಸುತ್ತು ಬಂದರೆ ಚಕ್ರ ಒಂದು ಸುತ್ತು. ಇನ್ನೊಂದು 39 ಮತ್ತು 8; ಅಂದರೆ 4.88. ಬೇರೆ ಲೆಕ್ಕದವೂ ಉಂಟು. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ತರಹ ಕಾಣುತ್ತವೆ. ನಾಲ್ಕು ಚಕ್ರದ ಗಾಡಿಯಲ್ಲಿ ಹಿಂದಿನ ಲೆಕ್ಕವೂ ಮುಂದಿನ ಲೆಕ್ಕವೂ ಒಂದೇ ಇರಲೇಬೇಕು. ಹಿಂದೆ 5.38, ಮುಂದೆ 4.88 ಆದರೆ ಹಿಂದಿನ ಚಕ್ರ 100 ಅಡಿ ಹೋಗುವಾಗ ಮುಂದಿನದು 110 ಅಡಿ ಹೋಗಲು ಎಳೆಯುತ್ತದೆ. ಫೋರ್ ವೀಲ್ ಹಾಕಿದ ಕೂಡಲೇ ಟೈರು ಉಜ್ಜುತ್ತದೆ, ಲಿವರು ಹಿಂದಕ್ಕೆ ಬರುವುದಿಲ್ಲ, ಕೊನೆಗೆ ಟ್ರಾನ್ಸ್‌ಫರ್ ಕೇಸೇ ಒಡೆಯಬಹುದು. ಟೂ ವೀಲ್ ಗಾಡಿಯಾದರೆ ಒಡೆಯುವುದು ಏನಿಲ್ಲ, ಆದರೆ 5.38 ಇದ್ದಲ್ಲಿ 4.88 ಹಾಕಿದರೆ ಏರಿನಲ್ಲಿ ಹತ್ತರಲ್ಲಿ ಒಂದು ಪಾಲು ಶಕ್ತಿ ಕಡಿಮೆಯಾಗುತ್ತದೆ. ಸ್ಪೀಡೋಮೀಟರೂ ಸುಳ್ಳು ಹೇಳುತ್ತದೆ.

ನಿಮ್ಮ ಗಾಡಿಯ ಲೆಕ್ಕ ಮನೆಯಲ್ಲೇ ತಿಳಿಯಬಹುದು. ಒಂದು ಹಿಂದಿನ ಚಕ್ರ ನೆಲದಲ್ಲಿರಲಿ, ಇನ್ನೊಂದನ್ನು ಎತ್ತಿ, ಗೇರು ನ್ಯೂಟ್ರಲ್ ಮಾಡಿ. ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಶಾಫ್ಟಿಗೆ ಸೀಮೆಸುಣ್ಣದ ಗುರುತು ಹಾಕಿ ಎಷ್ಟು ಸುತ್ತು ಬಂತು ಎಣಿಸಿ. ಐದು ಸುತ್ತು ದಾಟಿ ಮತ್ತೆ ಮೂರರಲ್ಲೊಂದು ಪಾಲು ಹೋದರೆ 5.38. ಐದಕ್ಕೆ ಸ್ವಲ್ಪ ಕಡಿಮೆ ನಿಂತರೆ 4.88.

ಇಲ್ಲಿ ಒಂದು ಎಚ್ಚರಿಕೆ. ಹ್ಯಾಂಡ್ ಬ್ರೇಕ್ ಶಾಫ್ಟಿನಲ್ಲಿರುವ ಗಾಡಿಯ ಹಿಂದಿನ ಒಂದೇ ಚಕ್ರ ಎತ್ತಿದರೆ ಆ ಬ್ರೇಕು ಇದ್ದೂ ಇಲ್ಲದ ಹಾಗೆ. ಎತ್ತಿದ ಚಕ್ರ ಹಿಮ್ಮುಖ ತಿರುಗುತ್ತಾ ನೆಲದ ಚಕ್ರ ಉರುಳಲು ಬಿಡುತ್ತದೆ, ಗಾಡಿ ಜಾಕಿನಿಂದ ಜಾರುತ್ತದೆ. ಸಪಾಟು ಜಾಗ ನೋಡಿ, ಉಳಿದ ಚಕ್ರಗಳಿಗೆ ಎರಡೂ ಬದಿಯಿಂದ ಕಲ್ಲು ಕೊಡಲೇಬೇಕು.

ಎರಡನೇ ಪರೀಕ್ಷೆ ಎಣ್ಣೆ. ಹಿಂದಿನ ಮುಚ್ಚಳ ಬಿಚ್ಚಲು ಬಿಡದವನ ಹತ್ತಿರ ವ್ಯಾಪಾರ ಬೇಡ. "ಎಣ್ಣೆ ನೋಡದೆ ದುಡ್ಡು ಎಣಿಸಬೇಡಿ ಅಣ್ಣ" ಎಂದು ನಮ್ಮ ಮೆಕ್ಯಾನಿಕ್ ಹೇಳಿದ್ದು ಸರಿಯಾದ ಮಾತು. ಎಣ್ಣೆಯನ್ನು ಎರಡು ಬೆರಳಿನ ನಡುವೆ ತಿಕ್ಕಿ, ಬಿಸಿಲಿಗೆ ಹಿಡಿದು ನೋಡಿ. ಕಪ್ಪಾಗಿದ್ದರೆ ಚಿಂತೆ ಇಲ್ಲ, ಹಳತಾಗಿದೆ ಅಷ್ಟೆ. ನಯವಾದ ಬೂದು ಕೆಸರು ತಳದಲ್ಲಿ ಸ್ವಲ್ಪ ಇದ್ದರೂ ಸಹಜ ಸವೆತ. ಬೆರಳಿಗೆ ಮರಳಿನ ಹಾಗೆ ಸಿಕ್ಕಿದರೆ, ಬೆಳ್ಳಿಯ ಹಾಗೆ ಹೊಳೆಯುವ ಚೂರು ಕಂಡರೆ ಬೇರಿಂಗು ಅಥವಾ ಹಲ್ಲು ಉದುರುತ್ತಿದೆ ಎಂದರ್ಥ. ಹಾಲು ಹಾಕಿದ ಕಾಫಿಯ ಬಣ್ಣವಾದರೆ ನೀರು ಹೋಗಿದೆ. ಹೊಳೆ ದಾಟುವ ಗಾಡಿಗಳಲ್ಲಿ ಇದು ಸಾಮಾನ್ಯ: ಬಿಸಿಯಾದ ಹೌಸಿಂಗು ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಹೀರಿಕೊಳ್ಳುತ್ತದೆ. ನೆರೆಯಲ್ಲಿ ಮುಳುಗಿದ ಗಾಡಿಯ ಭಾಗಗಳೂ ಗುಜರಿಗೆ ಬರುತ್ತವೆ. 2018ರಲ್ಲಿ ಕೊಡಗು, ಕೇರಳದಲ್ಲಿ ಬಂದ ನೆರೆ ನೆನಪಿರಬಹುದು. ನೀರು ಹೋಗಿ ವರ್ಷಗಟ್ಟಲೆ ಬಿದ್ದಿದ್ದರೆ, ಎಣ್ಣೆ ಮುಟ್ಟದ ಮೇಲ್ಭಾಗದ ಹಲ್ಲುಗಳು ತುಕ್ಕು ತಿಂದಿರುತ್ತವೆ. ತೀರಾ ಒಣಗಿದ್ದರೆ ಅಥವಾ ದಪ್ಪ ಗ್ರೀಸ್, ಮರದ ಹುಡಿ ತುಂಬಿದ್ದರೆ ಮಾತೇ ಬೇಡ, ತಿರುಗಿ ನಡೆಯಿರಿ.

ಮೂರನೆಯದು ಕೈಯ ಪರೀಕ್ಷೆ. ಪಿನಿಯನ್ನಿನ ತಲೆ ಹಿಡಿದು ಮೇಲೆ ಕೆಳಗೆ, ಒಳಗೆ ಹೊರಗೆ ಅಲ್ಲಾಡಿಸಿ. ಇಲ್ಲಿ ಆಟ ಇರಲೇಬಾರದು. ಎಡಬಲಕ್ಕೆ ತಿರುಗಿಸುವಾಗ ಕೂದಲೆಳೆಯಷ್ಟು ಆಟ ಬೇಕು, ಅದು ಹಲ್ಲಿನ ಸಂದು. ಆಮೇಲೆ ಪಿನಿಯನ್ನನ್ನು ಗಟ್ಟಿಯಾಗಿ ಹಿಡಿದು ಒಂದು ಆಕ್ಸಲ್ ತಿರುಗಿಸಿ. ಇನ್ನೊಂದು ಅಷ್ಟೇ ಸಲೀಸಾಗಿ ಹಿಮ್ಮುಖ ತಿರುಗಬೇಕು. ತಡೆದು ತಡೆದು ತಿರುಗಿದರೆ ಸ್ಟಾರ್, ಸನ್ ಕೆಟ್ಟಿವೆ.

ಕೊನೆಯದಾಗಿ, ಕ್ರೌನ್ ಮತ್ತು ಪಿನಿಯನ್ ಕಾರ್ಖಾನೆಯಲ್ಲಿ ಒಂದಕ್ಕೊಂದು ಜೋಡಿಯಾಗಿ ತಯಾರಾದವು. ಕ್ರೌನಿನ ಅಂಚಿನಲ್ಲೂ ಪಿನಿಯನ್ನಿನ ಮುಖದಲ್ಲೂ ಕೊರೆದ ಜೋಡಿ ನಂಬರು ಒಂದೇ ಇರಬೇಕು. ಬೇರೆ ಬೇರೆಯಾದರೆ ಎಲ್ಲಿಂದಲೋ ಕೂಡಿಸಿದ ಸಂಸಾರ ಅದು. ಎಷ್ಟು ಹೊಂದಿಸಿದರೂ ಊಳಿಡುವುದು ನಿಲ್ಲುವುದಿಲ್ಲ. ವ್ಯಾಪಾರ ಕುದುರಿದರೆ ಬಿಲ್ಲು ಕೇಳಿ ಪಡೆಯಿರಿ. ನಾಳೆ ಕದ್ದ ಮಾಲು ಎಂಬ ತಕರಾರು ಬರಬಾರದು.

ಹೊರಗಿನ ಕೊಳೆ ಮೊದಲು

ಮನೆಗೆ ತಂದ ಕೂಡಲೇ ಬಿಚ್ಚಲು ಕೂರಬೇಡಿ. ಹೊರಗಿನ ಕೆಸರು, ಗ್ರೀಸು ಹೋಗದೆ ಮುಚ್ಚಳ ತೆಗೆದರೆ ಕಸವೆಲ್ಲ ಒಳಗೆ. ಎಲ್ಲ ತೂತುಗಳಿಗೂ ಬಟ್ಟೆ ತುರುಕಿ, ಕತ್ತಿಯ ಹಿಂಬದಿಯಿಂದ ಹೆರೆದು, ಡೀಸೆಲ್ ಹಚ್ಚಿ ತಂತಿ ಬ್ರಶ್ಶಿನಿಂದ ತಿಕ್ಕಿ, ಸಾಬೂನು ನೀರಿನಲ್ಲಿ ತೊಳೆಯಿರಿ. ಔಷಧಿ ಬಿಡುವ ಪಂಪಿನಲ್ಲಿ ನೀರು ಹೊಡೆಯುವುದಾದರೆ ಪಂಪನ್ನು ಮೊದಲು ಚೆನ್ನಾಗಿ ತೊಳೆದುಕೊಳ್ಳಿ. ಮೈಲುತುತ್ತಿನ ಅಂಶ ಕಬ್ಬಿಣಕ್ಕೆ ಆಗದು.

ಎಣ್ಣೆ ಇಳಿಸುವಾಗ ಕೆಳಗಿನ ಪ್ಲಗ್ಗು ಅಥವಾ ಮುಚ್ಚಳದ ಅಡಿಗೆ ಅಯಸ್ಕಾಂತ ಹಿಡಿಯಿರಿ. ಏನೇನು ಅಂಟಿತು ಎಂದು ಕಾಗದದ ಮೇಲೆ ಹರಡಿ ನೋಡಿ. ಹಲ್ಲಿನ ಚೂರು ಸಿಕ್ಕಿದರೆ ಅದು ಎಲ್ಲಿಯದೆಂದು ಹುಡುಕದೆ ಮುಂದೆ ಹೋಗಬಾರದು. ಕೆಟ್ಟ ಎಣ್ಣೆಯನ್ನು ಡಬ್ಬದಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ. ತೋಡಿಗೆ, ಬಾವಿಯ ಬದಿಗೆ ಚೆಲ್ಲಬೇಡಿ. ನಾವೇ ಕುಡಿಯುವ ನೀರು ಅದು.

ಬಿಚ್ಚುವ ಕ್ರಮ

ಬಿಚ್ಚುವ ಮೊದಲು ಹಲ್ಲಿನ ಸಂದು ಅಳೆದು ಬರೆದಿಡಿ. ಡಯಲ್ ಗೇಜನ್ನು ಲೇತ್ ಅಂಗಡಿಯಿಂದ ಕೇಳಿ ತಂದರಾಯಿತು. ಪಿನಿಯನ್ ಅಲ್ಲಾಡದಂತೆ ಹಿಡಿದು, ಕ್ರೌನಿನ ಒಂದು ಹಲ್ಲಿಗೆ ಗೇಜಿನ ಮುಳ್ಳು ತಾಗಿಸಿ ಕ್ರೌನನ್ನು ಆಚೀಚೆ ಅಲ್ಲಾಡಿಸಬೇಕು. ಸುತ್ತ ನಾಲ್ಕು ಕಡೆ ಅಳೆಯಿರಿ. ಈ ಜಾತಿಯ ಗಾಡಿಗಳಲ್ಲಿ ಸಾಮಾನ್ಯವಾಗಿ 5ರಿಂದ 8 ಥೌ, ಅಂದರೆ 0.13ರಿಂದ 0.20 ಮಿಲಿಮೀಟರ್ ಇರುತ್ತದೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಇರುವುದೇ ಅಂತಿಮ. ನಾಲ್ಕು ಕಡೆಯ ಅಳತೆಯಲ್ಲಿ 2 ಥೌಗಿಂತ ಹೆಚ್ಚು ವ್ಯತ್ಯಾಸ ಬಂದರೆ ಕ್ರೌನ್ ಸಪಾಟಾಗಿ ಕೂತಿಲ್ಲ, ಅಡಿಯಲ್ಲಿ ಕಸವೋ ಉಬ್ಬೋ ಉಂಟು.

ಕೇಜನ್ನು ಹಿಡಿದಿರುವ ಎರಡು ಬೇರಿಂಗ್ ಕ್ಯಾಪುಗಳಿಗೆ ಗುರುತು ಹಾಕುವುದು ಅತಿ ಮುಖ್ಯ. ಎಡದ ಕ್ಯಾಪಿಗೂ ಅದರ ಪಕ್ಕದ ಹೌಸಿಂಗಿಗೂ ಸೆಂಟರ್ ಪಂಚಿನಲ್ಲಿ ಒಂದೊಂದು ಚುಕ್ಕೆ, ಬಲದ್ದಕ್ಕೆ ಎರಡೆರಡು. ಕ್ಯಾಪನ್ನು ಹೌಸಿಂಗಿಗೆ ಬಿಗಿದೇ ಕೊರೆದಿರುತ್ತಾರೆ. ಎಡದ್ದು ಬಲಕ್ಕೆ ಹೋದರೆ, ತಲೆಕೆಳಗಾದರೆ ಬೇರಿಂಗು ಸರಿಯಾಗಿ ಕೂರುವುದಿಲ್ಲ.

ಆಕ್ಸಲ್ ಎರಡನ್ನೂ ಮೊದಲು ಹೊರಗೆ ಎಳೆದುಕೊಂಡಿರಬೇಕು. ಕ್ಯಾಪಿನ ಬೋಲ್ಟನ್ನು ಪೂರ್ತಿ ತೆಗೆಯದೆ ನಾಲ್ಕು ಸುತ್ತು ಉಳಿಸಿ. ಕೇಜು ಬಿಗಿಯಾಗಿ ಕೂತಿರುತ್ತದೆ, ಮರದ ತುಂಡು ಕೊಟ್ಟು ಎರಡು ಹಾರೆಯಿಂದ ಮೀಟಬೇಕು. ಒಮ್ಮೆ ಸಡಿಲಾದರೆ ದಡಕ್ಕನೆ ಹೊರಬರುತ್ತದೆ. ಬೋಲ್ಟು ಉಳಿಸಿದ್ದರೆ ಕಾಲ ಮೇಲೆ ಬೀಳುವುದು ತಪ್ಪುತ್ತದೆ. ಬೇರಿಂಗಿನ ಹಿಂದೆ ತೆಳು ತಗಡಿನ ಶಿಮ್‌ಗಳು ಇರುತ್ತವೆ. ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ ಬೇರೆ ಬೇರೆ ಕಟ್ಟಿ ಚೀಟಿ ಹಾಕಿ. ನಾವು ಸಾಲಾಗಿ ಅಡಿಕೆ ಹಾಳೆ ಹಾಸಿ, ಬಿಚ್ಚಿದ ಕ್ರಮದಲ್ಲೇ ಒಂದೊಂದು ಹಾಳೆಯಲ್ಲಿ ಒಂದೊಂದು ಭಾಗದ ಸಾಮಾನು ಇಟ್ಟೆವು. ಒಂದು ವಾಷರೂ ಹೆಚ್ಚು ಕಡಿಮೆ ಆಗಲಿಲ್ಲ.

ತೊಳೆಯುವುದು

ಹಿಂದೆ ಇದಕ್ಕೆ ಸೀಮೆಎಣ್ಣೆ ಬಳಸುತ್ತಿದ್ದೆವು. ಈಗ ಅದು ಸಿಗುವುದೇ ಕಷ್ಟ, ಡೀಸೆಲ್ ಸಾಕು. ಪೆಟ್ರೋಲ್ ಬೇಡವೇ ಬೇಡ. ಅದರ ಆವಿಗೆ ಒಲೆಯ ಒಂದು ಕಿಡಿ ಸಾಕು. ಎರಡು ಬೋಗುಣಿ ಇಟ್ಟುಕೊಳ್ಳಿ. ಮೊದಲನೆಯದರಲ್ಲಿ ಕೊಳೆ ಬಿಡಿಸಿ, ಎರಡನೆಯದರಲ್ಲಿ ಶುದ್ಧ ಡೀಸೆಲಿನಲ್ಲಿ ಜಾಲಾಡಿಸಬೇಕು. ಕೊಳೆ ಡೀಸೆಲನ್ನು ರಾತ್ರಿ ತಿಳಿಯಲು ಬಿಟ್ಟರೆ ಮರುದಿನದ ಮೊದಲ ತೊಳೆತಕ್ಕೆ ಆಗುತ್ತದೆ.

ಒರೆಸಲು ಹಳೆಯ ಬನಿಯನ್ ಒಳ್ಳೆಯದು. ಗೋಣಿ, ಹತ್ತಿಯ ವೇಸ್ಟು ಬೇಡ, ನಾರು ಬಿಡುತ್ತವೆ. ಬೇರಿಂಗನ್ನು ಕಂಪ್ರೆಸರ್ ಗಾಳಿಯಿಂದ ಗಿರ್ರನೆ ತಿರುಗಿಸುವ ಚಟ ಕೆಲವರಿಗೆ ಉಂಟು. ಎಣ್ಣೆ ಇಲ್ಲದೆ ಹಾಗೆ ತಿರುಗಿದರೆ ರೋಲರು ಗೀರುತ್ತದೆ, ಕೆಲವೊಮ್ಮೆ ಸಿಡಿದು ಮುಖಕ್ಕೂ ಬಡಿಯಬಹುದು.

ಜನ ಮರೆಯುವ ಜಾಗ ಎರಡು. ಒಂದು, ಆಕ್ಸಲ್ ಕೊಳವೆಯ ಒಳಗೆ. ನಡುವಿನ ಗುಂಡನ್ನು ಫಳಫಳ ಮಾಡಿ ಕೊಳವೆಯಲ್ಲಿ ಕೆಸರು, ಕಬ್ಬಿಣದ ಚೂರು ಬಿಟ್ಟರೆ ಮೊದಲ ತಿರುವಿನಲ್ಲೇ ಎಣ್ಣೆಯೊಂದಿಗೆ ಅದು ನಡುವಿಗೆ ಬರುತ್ತದೆ. ಉದ್ದ ಕೋಲಿಗೆ ಬಟ್ಟೆ ಸುತ್ತಿ, ಡೀಸೆಲಿನಲ್ಲಿ ಅದ್ದಿ, ಬಟ್ಟೆ ಬಿಳಿಯಾಗಿ ಬರುವವರೆಗೆ ಎರಡೂ ಕಡೆಯಿಂದ ಎಳೆಯಬೇಕು. ನಮಗೆ ಎಡದ ಕೊಳವೆಯಲ್ಲಿ ಅರ್ಧ ಹಿಡಿ ಕೆಸರು ಸಿಕ್ಕಿತು.

ಇನ್ನೊಂದು, ಹೌಸಿಂಗಿನ ಮೇಲಿರುವ ಸಣ್ಣ ಉಸಿರುಗೊಳವೆ, ಮೆಕ್ಯಾನಿಕರ ಮಾತಿನಲ್ಲಿ ಬ್ರೀದರ್. ಕೆಸರು ತುಂಬಿ ಇದು ಮುಚ್ಚಿದರೆ ಒಳಗಿನ ಬಿಸಿ ಗಾಳಿಗೆ ದಾರಿ ಇಲ್ಲ, ಎಣ್ಣೆಯನ್ನು ಸೀಲಿನಿಂದ ಹೊರಗೆ ನೂಕುತ್ತದೆ. ಆ ಎಣ್ಣೆ ಬ್ರೇಕ್ ಡ್ರಮ್ಮಿಗೆ ಇಳಿದರೆ ಬ್ರೇಕು ಹಿಡಿಯುವುದಿಲ್ಲ. ಎಷ್ಟು ಸಲ ಸೀಲು ಬದಲಿಸಿದರೂ ಸೋರಿಕೆ ನಿಲ್ಲದ ಗಾಡಿಗಳಲ್ಲಿ ಮೊದಲು ನೋಡಬೇಕಾದ್ದು ಇದನ್ನೇ. ತಂತಿ ಹಾಕಿ ಚುಚ್ಚಿ, ಬಾಯಿಯಿಂದ ಊದಿ ನೋಡಿ.

ತೊಳೆದ ಭಾಗಗಳಿಗೆ ಆಗಲೇ ತೆಳುವಾಗಿ ಗೇರ್ ಎಣ್ಣೆ ಹಚ್ಚಿ ಬಟ್ಟೆ ಮುಚ್ಚಿಡಿ. ನಮ್ಮ ಹವೆಗೆ ಒಂದೇ ರಾತ್ರಿಯಲ್ಲಿ ತುಕ್ಕು ಬರುತ್ತದೆ.

ಹಲ್ಲು, ಬೇರಿಂಗು ಏನು ಹೇಳುತ್ತವೆ

ಕ್ರೌನಿನ ಒಂದೊಂದೇ ಹಲ್ಲನ್ನು ಬಿಸಿಲಿನಲ್ಲಿ ನೋಡಿ. ಹೊಳೆಯುವ, ನುಣುಪಾದ ಸವೆತ ಒಳ್ಳೆಯ ಲಕ್ಷಣ. ಉಗುರಿಗೆ ಸಿಗದಷ್ಟು ಸಣ್ಣ ಚುಕ್ಕೆ ಒಂದೆರಡು ಇದ್ದರೆ ನಡೆಯುತ್ತದೆ. ಸಿಡುಬಿನ ಕಲೆಯ ಹಾಗೆ ಹೊಂಡ ಬಿದ್ದಿದ್ದರೆ, ಹಲ್ಲಿನ ತುದಿ ಚಕ್ಕೆ ಎದ್ದಿದ್ದರೆ, ಅಡ್ಡಕ್ಕೆ ಉಜ್ಜಿದ ಗೀರು ಇದ್ದರೆ ಬಿಟ್ಟುಬಿಡಿ. ನೀಲಿ ಬಣ್ಣ ತಿರುಗಿದ್ದರೆ ಎಣ್ಣೆ ಇಲ್ಲದೆ ಓಡಿ ಕಾದಿದೆ, ಉಕ್ಕಿನ ಗಡಸುತನ ಹೋಗಿದೆ.

ಹಲ್ಲಿಗೆ ಎರಡು ಮುಖ. ಹಿಂದಿನ ಡಿಫರೆನ್ಶಿಯಲಿನಲ್ಲಿ ಸಾಮಾನ್ಯವಾಗಿ ಉಬ್ಬಿದ ಮುಖ ಎಳೆಯುವಾಗ ದುಡಿಯುವುದು, ತಗ್ಗಿದ ಮುಖ ಎಂಜಿನ್ ಹಿಡಿತದಲ್ಲಿ ಇಳಿಯುವಾಗ ದುಡಿಯುವುದು. ಘಟ್ಟದ ಗಾಡಿಗಳಲ್ಲಿ ಈ ಎರಡನೇ ಮುಖವೂ ಚೆನ್ನಾಗಿ ಸವೆದಿರುತ್ತದೆ. ಒಂದೇ ಮುಖ ನೋಡಿ ಸಂತೋಷಪಡಬೇಡಿ.

ಕಣ್ಣಿಗೆ ಕಾಣದ ಬಿರುಕು ಹುಡುಕಲು ಹಳೆಯ ಉಪಾಯ ಉಂಟು. ಸಂಶಯದ ಜಾಗಕ್ಕೆ ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿ ಸ್ವಲ್ಪ ಹೊತ್ತು ಬಿಡಿ. ಪೂರ್ತಿ ಒಣಗುವಂತೆ ಒರೆಸಿ, ಸೀಮೆಸುಣ್ಣದ ಪುಡಿ ಉಜ್ಜಿ. ಬಿರುಕು ಇದ್ದರೆ ಒಳಗೆ ಹೊಕ್ಕ ಎಣ್ಣೆ ಹೊರಬಂದು ಸುಣ್ಣದ ಮೇಲೆ ಗೆರೆ ಮೂಡಿಸುತ್ತದೆ. ಹಲ್ಲಿನ ಬುಡ, ಕೇಜಿನ ಮೂಲೆ, ಬೋಲ್ಟಿನ ತೂತಿನ ಸುತ್ತ ಹೀಗೆ ನೋಡಲೇಬೇಕು.

ಬೇರಿಂಗಿನ ರೋಲರು, ಬಳೆ ಎರಡನ್ನೂ ನೋಡಿ. ಹೊಂಡ, ನೀಲಿ, ತುಕ್ಕಿನ ಕಲೆ, ಸಾಲಾಗಿ ಬಿದ್ದ ತಗ್ಗು, ಇವುಗಳಲ್ಲಿ ಒಂದಿದ್ದರೂ ಒಳಗಿನದು ಹೊರಗಿನದು ಸೇರಿ ಜೋಡಿಯಾಗಿ ಬದಲಿಸಬೇಕು. ನಂಬರು ಬೇರಿಂಗಿನ ಮೇಲೆಯೇ ಕೊರೆದಿರುತ್ತದೆ. ನಾವು ನಾಲ್ಕನ್ನೂ ಹೊಸದೇ ಹಾಕಿದೆವು. ಮತ್ತೆ ಬಿಚ್ಚುವ ಖರ್ಚಿನ ಮುಂದೆ ಅದು ದೊಡ್ಡದಲ್ಲ.

ಕೇಜಿನ ಅಡ್ಡ ಪಿನ್ನಿನ ಮೇಲೆ ಉಗುರು ಎಳೆಯಿರಿ. ಮೆಟ್ಟಿಲು ಸಿಕ್ಕಿದರೆ ಪಿನ್ನು ಸವೆದಿದೆ. ಗಾಡಿ ಹೊರಡುವಾಗ "ಟಕ್" ಎನ್ನುವುದು ಹೆಚ್ಚಾಗಿ ಈ ಪಿನ್ನು, ಅದರ ವಾಷರು ಸವೆದಾಗ. ಪಿನ್ನನ್ನು ಹಿಡಿದಿರುವ ಸಣ್ಣ ಲಾಕ್ ಪಿನ್ನು ಸಡಿಲವಾದರೆ ಅಡ್ಡ ಪಿನ್ನೇ ಜಾರಿ ಹೌಸಿಂಗನ್ನು ಒಡೆದೀತು, ಅದನ್ನು ಹೊಸದೇ ಹಾಕಿ. ಆಕ್ಸಲಿನ ತುದಿಯ ಗೆರೆಹಲ್ಲುಗಳು ಹಗ್ಗದ ಹಾಗೆ ತಿರುಚಿಕೊಂಡಿದ್ದರೆ ಆಕ್ಸಲ್ ಮುರಿಯುವ ಹಂತದಲ್ಲಿದೆ. ಸೀಲುಗಳೆಲ್ಲ ಹೊಸತೇ ಬೇಕು. ಸೀಲು ತಾಗುವ ಜಾಗದಲ್ಲಿ ಕಾಲುವೆ ಬಿದ್ದಿದ್ದರೆ ಹೊಸ ಸೀಲೂ ನಿಲ್ಲದು.

ಮತ್ತೆ ಜೋಡಿಸುವಾಗ

ಹಳೆಯ ಜೋಡಿಯನ್ನು ಅದರದ್ದೇ ಹೌಸಿಂಗಿನಲ್ಲಿ ಕೂರಿಸುವಾಗ ಹಳೆಯ ಶಿಮ್‌ಗಳನ್ನೇ ಅದೇ ಜಾಗಕ್ಕೆ ಹಾಕಿ ಶುರು ಮಾಡಬೇಕು. ಅಷ್ಟು ವರ್ಷ ಜೊತೆಯಾಗಿ ಸವೆದ ಹಲ್ಲುಗಳು ಅವು. ಹೊಸ ಸ್ಥಾನಕ್ಕೆ ತಂದರೆ ಊಳಿಡುತ್ತವೆ. ಬೇರಿಂಗು ಬದಲಿಸಿದ್ದರಿಂದ ಅಳತೆ ಸ್ವಲ್ಪ ಸರಿದಿದ್ದರೆ ಮಾತ್ರ ಶಿಮ್ ಬದಲಿಸಿ. ಕೆಲವು ಗಾಡಿಗಳಲ್ಲಿ ಪಿನಿಯನ್ ಬೇರಿಂಗುಗಳ ನಡುವೆ ಶಿಮ್ ಬದಲು ಅದುಮಿ ಕೂರುವ ತೋಳು ಇರುತ್ತದೆ. ಬಿಚ್ಚಿದ ಮೇಲೆ ಅದನ್ನು ಹೊಸದೇ ಹಾಕಬೇಕು.

ಹೊಂದಾಣಿಕೆ ನೋಡಲು ಕ್ರೌನಿನ ನಾಲ್ಕೈದು ಹಲ್ಲಿಗೆ ಬಣ್ಣದ ಪೇಸ್ಟ್ ತೆಳುವಾಗಿ ಹಚ್ಚಿ, ಕ್ರೌನನ್ನು ಸ್ವಲ್ಪ ತಡೆದು ಹಿಡಿದು ಪಿನಿಯನ್ ತಿರುಗಿಸಿ. ತಾಗಿದ ಜಾಗದ ಬಣ್ಣ ಅಳಿಯುತ್ತದೆ. ಗುರುತು ಹಲ್ಲಿನ ಮಧ್ಯಕ್ಕೆ, ಹಳೆಯ ಸವೆತದ ಹೊಳಪಿನ ಮೇಲೆಯೇ ಬಂದರೆ ಗೆದ್ದಿರಿ. ಹಲ್ಲಿನ ಬುಡಕ್ಕೆ ಇಳಿದರೆ ಪಿನಿಯನ್ ಹೆಚ್ಚು ಒಳಗೆ ಹೋಗಿದೆ, ಕ್ರೌನಿನಿಂದ ದೂರ ಸರಿಸಬೇಕು. ತುದಿಗೆ ಏರಿದರೆ ಹತ್ತಿರ ತರಬೇಕು. ಒಳತುದಿಗೆ ಸರಿದರೆ ಸಂದು ಕಡಿಮೆ, ಹೊರತುದಿಗೆ ಸರಿದರೆ ಸಂದು ಹೆಚ್ಚು. ಈ ಒಂದು ಕೆಲಸಕ್ಕೆ ಅನುಭವಸ್ಥ ಮೆಕ್ಯಾನಿಕ್ ಬೇಕೇ ಬೇಕು. ಗುರುತು ಮಾತ್ರ ನಿಮ್ಮ ಕಣ್ಣಿಂದಲೇ ನೋಡಿ.

ಪಿನಿಯನ್ ಕೈಗೆ ತುಸು ಬಿಗಿಯಾಗಿ, ಎಲ್ಲೂ ಕಚ್ಚದೆ ಸಮನಾಗಿ ತಿರುಗಬೇಕು. ಕ್ರೌನಿನ ಬೋಲ್ಟುಗಳನ್ನು ಎದುರುಬದುರಾಗಿ, ಪುಸ್ತಕದ ಲೆಕ್ಕಕ್ಕೆ ಟಾರ್ಕ್ ರೆಂಚಿನಲ್ಲಿ ಬಿಗಿಯಿರಿ. ಲಾಕ್ ವಾಷರು ಹಳೆಯದು ಬೇಡ.

ಎಣ್ಣೆ ಮತ್ತು ಮೊದಲ ಓಟ

ಎಣ್ಣೆ ಹೈಪಾಯ್ಡ್ ಗೇರಿಗೆ ಹೇಳಿದ್ದೇ ಆಗಬೇಕು. ಡಬ್ಬದ ಮೇಲೆ ಜಿಎಲ್-5 ಮತ್ತು 90 ಅಥವಾ 80ಡಬ್ಲ್ಯು-90 ಎಂದು ನೋಡಿ. ಇಲ್ಲಿ ಹಲ್ಲು ಹಲ್ಲಿನ ಮೇಲೆ ಜಾರುತ್ತಾ ಉಜ್ಜುತ್ತದೆ. ಎಂಜಿನ್ ಎಣ್ಣೆಗೆ ಆ ಒತ್ತಡ ತಡೆಯದು. ಲಾಕಿಂಗ್ ಡಿಫರೆನ್ಶಿಯಲ್ ಇರುವ ಗಾಡಿಯಾದರೆ ಅದರ ಪುಸ್ತಕ ಹೇಳುವ ಎಣ್ಣೆಯೇ ಬೇಕು. ತುಂಬುವ ಪ್ಲಗ್ಗಿನ ತೂತಿನ ಕೆಳಅಂಚಿಗೆ ಬಂದರೆ ನಿಲ್ಲಿಸಿ. ಹೆಚ್ಚಾದರೆ ಸೋರುತ್ತದೆ.

ಗಾಡಿಗೆ ಕೂರಿಸಿದ ಮೇಲೆ ಖಾಲಿ ಗಾಡಿಯಲ್ಲಿ ಹತ್ತು ಕಿಲೋಮೀಟರು ನಿಧಾನ ಹೋಗಿ, ಇಳಿದು ಹೌಸಿಂಗಿಗೆ ಕೈ ಇಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಡುತ್ತಿದ್ದರೆ ಬೇರಿಂಗು ಬಿಗಿಯಾಗಿದೆ, ಓಡಿಸಬೇಡಿ. ಸದ್ದಿಗೂ ಅರ್ಥ ಉಂಟು. ಆಕ್ಸಿಲರೇಟರ್ ಒತ್ತಿದಾಗ ಅಥವಾ ಬಿಟ್ಟಾಗ ಮಾತ್ರ ಊಳಿಟ್ಟರೆ ಹಲ್ಲಿನ ಹೊಂದಾಣಿಕೆ. ಒತ್ತಿದರೂ ಬಿಟ್ಟರೂ ಒಂದೇ ಸಮನೆ ಗುರುಗುಟ್ಟಿದರೆ ಬೇರಿಂಗು. ತಿರುವಿನಲ್ಲಿ ಮಾತ್ರ ಸದ್ದಾದರೆ ಸ್ಟಾರ್, ಸನ್. 500 ಕಿಲೋಮೀಟರ್ ಆದ ಮೇಲೆ ಎಣ್ಣೆ ಒಮ್ಮೆ ಬದಲಿಸಿ, ಅಯಸ್ಕಾಂತ ಹಿಡಿದು ನೋಡಿ. ಆಗ ತುಂಬುವ ಪ್ಲಗ್ಗು ಬಿಚ್ಚಿಕೊಳ್ಳುತ್ತದೆಯೇ ಎಂದು ಮೊದಲು ನೋಡಿಯೇ ಎಣ್ಣೆ ಇಳಿಸಿ. ಇಳಿಸಿದ ಮೇಲೆ ಅದು ಬಾರದಿದ್ದರೆ ಗಾಡಿ ಅಲ್ಲೇ.

ನನಗೆ ಬೇರಿಂಗು, ಸೀಲು, ಎಣ್ಣೆ, ಮೆಕ್ಯಾನಿಕ್ಕಿನ ಸಂಬಳ ಎಲ್ಲ ಸೇರಿ ತಗಲಿದ್ದು ಗುಜರಿಗೆ ಕೊಟ್ಟ ಹಣದ ಸುಮಾರು ಅರ್ಧದಷ್ಟು. ಕೊಯ್ಲಿನ ಸಮಯದಲ್ಲಿ ಬಾಡಿಗೆ ಜೀಪಿಗೆ ಕೊಡುವುದನ್ನು ಲೆಕ್ಕ ಹಾಕಿದರೆ ಇದು ಕೆಲವೇ ದಿನದ ಮಾತು. ಈಗ ಒಂದು ಮಳೆಗಾಲ, ಒಂದು ಕೊಯ್ಲು ದಾಟಿದೆ. ಎಣ್ಣೆ ಬದಲಿಸುವಾಗ ಅಯಸ್ಕಾಂತಕ್ಕೆ ಅಂಟಿದ್ದು ಬೂದಿಯಂಥ ನಯ ಹುಡಿ ಮಾತ್ರ.

ಹಳೆಯ ಜೀಪು, ಟ್ರಾಕ್ಟರು ಇಟ್ಟುಕೊಂಡು ಸ್ವಂತ ಕೈಯಿಂದ ರಿಪೇರಿ ಮಾಡುವ ಕೃಷಿಕರು ನಮ್ಮಲ್ಲಿ ಅನೇಕರಿದ್ದಾರೆ. ಗೇರ್ ಬಾಕ್ಸು, ಟ್ರಾನ್ಸ್‌ಫರ್ ಕೇಸುಗಳ ಬಗ್ಗೆ ಅನುಭವ ಇದ್ದವರು ದಯವಿಟ್ಟು ಬರೆಯಿರಿ. ಬಿಡಿಭಾಗ ಸಿಗದ ಈ ಕಾಲದಲ್ಲಿ ಒಬ್ಬರ ಅನುಭವ ಹತ್ತು ಗಾಡಿಗಳನ್ನು ಓಡಿಸೀತು.